ನಿಂತ ಕಾರಿನಲ್ಲಿ ವೇಗವನ್ನು ತೋರಿಸುವುದು ಹೇಗೆ?

ಓಡುವುದಕ್ಕಾಗಿಯೇ ಕಟ್ಟಿದ ಕಾರೊಂದನ್ನು ಪ್ರದರ್ಶನಾಂಗಣದ ನೆಲದ ಮೇಲೆ ನಿಲ್ಲಿಸಿದ್ದಾರೆ ಎಂದುಕೊಳ್ಳಿ. ಎಂಜಿನ್ ಆರಿದೆ. ಚಕ್ರಗಳಿಗೆ ಮರದ ತಡೆ ಕೊಟ್ಟಿದೆ. ಸುತ್ತಲೂ ಹಗ್ಗ ಕಟ್ಟಿದೆ. ಈ ಕಾರು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಓಡಬಲ್ಲುದು ಎಂದು ನೋಡುಗರಿಗೆ ಮನದಟ್ಟು ಮಾಡುವುದು ಹೇಗೆ? ಹೊಳೆಯುವ ಬಣ್ಣ ಅದನ್ನು ಹೇಳದು. ಓಡಿಸಿ ತೋರಿಸೋಣವೆಂದರೆ ಅಲ್ಲಿ ಜಾಗವಿಲ್ಲ.

ಕಾರು ಸಂಘವೊಂದು ತನ್ನ ವೇಗದ ಕಾರುಗಳನ್ನು ಪ್ರದರ್ಶನಕ್ಕಿಡಲು ಯೋಜಿಸುವಾಗ ಮೊದಲು ಎದುರಾಗುವ ಪ್ರಶ್ನೆ ಇದೇ. 1948ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಯುವಕರ ಸಂಘಗಳು ಇದಕ್ಕೆ ಒಂದು ಉತ್ತರ ಕೊಟ್ಟವು. ಆಗ ಅವರ ಮುಂದಿದ್ದುದು ಬರಿಯ ಮೆಚ್ಚುಗೆಯ ಪ್ರಶ್ನೆಯಾಗಿರಲಿಲ್ಲ. ಅವರ ಹವ್ಯಾಸವೇ ಉಳಿಯುತ್ತದೆಯೋ ಇಲ್ಲವೋ ಎಂಬುದಾಗಿತ್ತು. ಆ ಪ್ರದರ್ಶನದ ಹಿಂದಿನ ತಂತ್ರಜ್ಞಾನವನ್ನೂ ಇತಿಹಾಸವನ್ನೂ ತಿಳಿದುಕೊಳ್ಳೋಣ.

ಹಾಟ್ ರಾಡ್ ಎಂಬ ಹೆಸರು

1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಯುವಕರು ಹಳೆಯ ಫೋರ್ಡ್ ಕಾರುಗಳನ್ನು ಅಗ್ಗದ ಬೆಲೆಗೆ ಕೊಂಡು ತಮ್ಮ ಮನೆಯ ಹಿತ್ತಿಲಲ್ಲಿ ಬಿಚ್ಚುತ್ತಿದ್ದರು. ಮಡ್‌ಗಾರ್ಡ್, ಮುಂದಿನ ಗಾಜು, ಮೇಲ್ಛಾವಣಿ ಇವನ್ನೆಲ್ಲ ತೆಗೆದು ಭಾರ ಇಳಿಸುತ್ತಿದ್ದರು. ಎಂಜಿನ್ನಿನ ಭಾಗಗಳನ್ನು ಬದಲಿಸಿ ಶಕ್ತಿ ಹೆಚ್ಚಿಸುತ್ತಿದ್ದರು. ಹೆಚ್ಚಿನವು ರೋಡ್‌ಸ್ಟರ್‌ಗಳು, ಎಂದರೆ ಮೇಲೆ ತೆರೆದಿರುವ, ಎರಡು ಆಸನಗಳ ಕಾರುಗಳು. ಇಂಥ ಕಾರಿಗೆ 1940ರ ದಶಕದಲ್ಲಿ 'ಹಾಟ್ ರಾಡ್' ಎಂಬ ಹೆಸರು ಬಳಕೆಗೆ ಬಂತು.

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿಯಿತು. ಸೇನೆಯಿಂದ ಮರಳಿದ ಯುವಕರಲ್ಲಿ ಅನೇಕರು ಅಲ್ಲಿ ಯಂತ್ರಗಳ ಕೆಲಸ ಕಲಿತಿದ್ದರು. ಕೈಯಲ್ಲಿ ಒಂದಿಷ್ಟು ಹಣವೂ ಇತ್ತು. ಹಾಟ್ ರಾಡ್‌ಗಳ ಸಂಖ್ಯೆ ಬೆಳೆಯಿತು. ಜೊತೆಗೆ ರಾತ್ರಿ ಹೊತ್ತು ಬೀದಿಗಳಲ್ಲಿ ಪಂದ್ಯ ಓಡಿಸುವವರೂ ಹೆಚ್ಚಿದರು. ಅಪಘಾತಗಳಾದವು, ಜೀವಗಳು ಹೋದವು. ಪತ್ರಿಕೆಗಳಲ್ಲಿ 'ಹಾಟ್ ರಾಡ್' ಎಂಬುದು ಬೈಗುಳದಂತೆ ಆಯಿತು. ಬೀದಿಯಲ್ಲಿ ಹುಚ್ಚಾಗಿ ಓಡಿಸುವವನಿಗೂ ಅದೇ ಹೆಸರು, ಹಿತ್ತಿಲಲ್ಲಿ ಕುಳಿತು ಎಂಜಿನ್ನಿನ ಲೆಕ್ಕ ಹಾಕುವವನಿಗೂ ಅದೇ ಹೆಸರು. ಇಂಥ ಕಾರುಗಳನ್ನು ಕಾನೂನಿನ ಮೂಲಕ ನಿಷೇಧಿಸಬೇಕೆಂಬ ಮಾತು ಕೇಳಿಬರತೊಡಗಿತು.

ಆದರೆ ಇವರಿಬ್ಬರ ನಡುವೆ ಮುಖ್ಯವಾದ ವ್ಯತ್ಯಾಸವೊಂದಿತ್ತು. ಅದೇ ಗಡಿಯಾರ.

ಒಣ ಸರೋವರದ ಗಡಿಯಾರ

ಲಾಸ್ ಏಂಜಲೀಸ್‌ನ ಉತ್ತರಕ್ಕೆ ಬೆಟ್ಟಗಳನ್ನು ದಾಟಿದರೆ ಮೊಹಾವಿ ಮರುಭೂಮಿ ಇದೆ. ಅಲ್ಲಿ ಹಲವು ಒಣ ಸರೋವರಗಳಿವೆ. ಮಳೆಗಾಲದಲ್ಲಿ ಸುತ್ತಲಿನ ಬೆಟ್ಟಗಳಿಂದ ಹರಿದು ಬರುವ ನೀರು ಹೊರಹೋಗಲು ದಾರಿಯಿಲ್ಲದೆ ತೆಳುವಾಗಿ ಹರಡಿ ನಿಲ್ಲುತ್ತದೆ. ಅದು ಹೊತ್ತು ತಂದ ನಯವಾದ ಜೇಡಿಮಣ್ಣು ತಳಕ್ಕೆ ಇಳಿಯುತ್ತದೆ. ನೀರು ಆವಿಯಾದ ಮೇಲೆ ಮೈಲಿಗಟ್ಟಲೆ ಚಪ್ಪಟೆಯಾದ, ಗಟ್ಟಿಯಾದ ನೆಲ ಉಳಿಯುತ್ತದೆ. ಮನೆಯಿಲ್ಲ, ಮರವಿಲ್ಲ, ಅಡ್ಡ ಬರುವ ಜನರಿಲ್ಲ. ವೇಗ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

1937ರಲ್ಲಿ ಹಲವು ಸಂಘಗಳು ಸೇರಿ 'ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್' ಎಂಬ ಒಕ್ಕೂಟವನ್ನು ಕಟ್ಟಿಕೊಂಡವು. ಹೆಸರನ್ನು ಗಮನಿಸಿ. ಇದು ಪಂದ್ಯದ ಒಕ್ಕೂಟವಲ್ಲ, ಸಮಯ ಅಳೆಯುವ ಒಕ್ಕೂಟ. 1938ರಿಂದ ಮ್ಯುರಾಕ್ ಎಂಬ ಒಣ ಸರೋವರದಲ್ಲಿ ಇದರ ಕೂಟಗಳು ನಡೆದವು. ಮುಂದೆ ಮ್ಯುರಾಕ್ ಸೇನೆಯ ವಿಮಾನ ನೆಲೆಯಾಯಿತು. 1947ರ ಅಕ್ಟೋಬರ್ 14ರಂದು ಚಕ್ ಯೇಗರ್ ಶಬ್ದದ ವೇಗವನ್ನು ಮೀರಿ ಹಾರಿದ್ದು ಅಲ್ಲಿಯ ಆಕಾಶದಲ್ಲೇ. ಈಗ ಅದರ ಹೆಸರು ಎಡ್ವರ್ಡ್ಸ್ ವಾಯುನೆಲೆ. ಯುದ್ಧದ ನಂತರ ಒಕ್ಕೂಟ ತನ್ನ ಕೂಟಗಳಿಗೆ ಎಲ್ ಮಿರಾಜ್ ಎಂಬ ಇನ್ನೊಂದು ಒಣ ಸರೋವರವನ್ನು ಆರಿಸಿಕೊಂಡಿತು.

ಅಳತೆಯ ತತ್ತ್ವ ಸರಳ. ನಿರ್ದಿಷ್ಟ ದೂರದ ಎರಡು ಕೊನೆಗಳಲ್ಲಿ ಕಾರು ಹಾದುಹೋದ ಕ್ಷಣವನ್ನು ದಾಖಲಿಸಬೇಕು. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ಸಿಗುತ್ತದೆ. ದೂರ ಕಾಲು ಮೈಲಿ ಎಂದಿಟ್ಟುಕೊಳ್ಳಿ, ಅಂದರೆ ಸುಮಾರು 402 ಮೀಟರ್. ಆಗ 900ನ್ನು ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಮೈಲಿ ಎಂಬುದು ದೊರೆಯುತ್ತದೆ. 9 ಸೆಕೆಂಡಿಗೆ 100 ಮೈಲಿ. 6 ಸೆಕೆಂಡಿಗೆ 150 ಮೈಲಿ. ಈಗ ಅಳತೆಯಲ್ಲಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಪ್ಪಾಯಿತು ಎನ್ನಿ. 100 ಮೈಲಿ ವೇಗದಲ್ಲಿ ಆ ತಪ್ಪಿನ ಬೆಲೆ ಸುಮಾರು 1 ಮೈಲಿ. 150 ಮೈಲಿ ವೇಗದಲ್ಲಿ ಅದೇ ತಪ್ಪು ಎರಡೂವರೆ ಮೈಲಿಯಾಗುತ್ತದೆ. ವೇಗ ಹೆಚ್ಚಿದಂತೆ ಗಡಿಯಾರ ಇನ್ನೂ ಸೂಕ್ಷ್ಮವಾಗಿರಬೇಕು. ಕೈಗಡಿಯಾರ ಹಿಡಿದು ಕೂಗುವುದರಿಂದ ಇದು ಸಾಧ್ಯವಿಲ್ಲ. ಆದ್ದರಿಂದಲೇ ಒಕ್ಕೂಟ ವಿದ್ಯುತ್ ಸಮಯಮಾಪಕಗಳನ್ನು ನೆಚ್ಚಿಕೊಂಡಿತ್ತು.

ಬೀದಿ ಪಂದ್ಯದಲ್ಲಿ ಗೆದ್ದವನಿಗೆ ದೊರೆಯುವುದು ಜಂಬ ಮಾತ್ರ. ಒಣ ಸರೋವರದಲ್ಲಿ ದೊರೆಯುತ್ತಿದ್ದುದು ಒಂದು ಸಂಖ್ಯೆ. ಕಾರ್ಬ್ಯುರೇಟರ್ ಬದಲಿಸಿದರೆ ಎಷ್ಟು ಲಾಭವಾಯಿತು ಎಂಬುದನ್ನು ಆ ಸಂಖ್ಯೆ ಹೇಳುತ್ತಿತ್ತು. ಪ್ರಯೋಗಕ್ಕೂ ಪುಂಡಾಟಕ್ಕೂ ಇರುವ ವ್ಯತ್ಯಾಸವೇ ಇದು.

ಎಂಜಿನ್ನಿಗೆ ಮಾಡಿದ್ದೇನು?

ಫೋರ್ಡ್ ಕಂಪನಿ 1932ರಲ್ಲಿ ಸಾಮಾನ್ಯರ ಕೈಗೆಟಕುವ ಬೆಲೆಯ ಕಾರಿನಲ್ಲಿ ಎಂಟು ಸಿಲಿಂಡರುಗಳ ವಿ-8 ಎಂಜಿನ್ನನ್ನು ತಂದಿತು. ಅದರ ಶಕ್ತಿ 65 ಅಶ್ವಶಕ್ತಿ. ಪ್ರತಿ ಸಿಲಿಂಡರಿನ ವ್ಯಾಸ ಸುಮಾರು 77.8 ಮಿಲಿಮೀಟರ್, ಪಿಸ್ಟನ್ನಿನ ಚಲನೆಯ ಉದ್ದ ಸುಮಾರು 95 ಮಿಲಿಮೀಟರ್. ಎಂಟೂ ಸೇರಿ 3.6 ಲೀಟರ್ ಗಾತ್ರ. ವ್ಯಾಸವನ್ನು 3 ಮಿಲಿಮೀಟರಿನಷ್ಟು ದೊಡ್ಡದು ಮಾಡಿದರೆ ಗಾತ್ರ 3.9 ಲೀಟರಿಗೆ ಏರುತ್ತದೆ. ವ್ಯಾಸದ ವರ್ಗಕ್ಕೆ ಅನುಗುಣವಾಗಿ ಗಾತ್ರ ಹೆಚ್ಚುವುದರಿಂದ ಸಣ್ಣ ಬದಲಾವಣೆಗೂ ಇಷ್ಟು ಫಲ.

ಎರಡನೆಯ ಉಪಾಯ ಸಂಪೀಡನ ಅನುಪಾತವನ್ನು ಏರಿಸುವುದು. ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬುದೇ ಈ ಅನುಪಾತ. 1932ರ ಎಂಜಿನ್ನಿನಲ್ಲಿ ಇದು 5.5ರಷ್ಟಿತ್ತು. ಆದರ್ಶ ಎಂಜಿನ್ನಿನ ಲೆಕ್ಕದ ಪ್ರಕಾರ ಈ ಅನುಪಾತಕ್ಕೆ ದಕ್ಷತೆ ಶೇಕಡ 49. ಅನುಪಾತವನ್ನು 8ಕ್ಕೆ ಏರಿಸಿದರೆ ದಕ್ಷತೆ ಶೇಕಡ 56. ನಿಜವಾದ ಎಂಜಿನ್ನಿನ ದಕ್ಷತೆ ಇದಕ್ಕಿಂತ ಬಹಳ ಕಡಿಮೆ. ಆದರೂ ಲಾಭದ ದಿಕ್ಕು ಇದೇ. ಇದಕ್ಕಾಗಿ ಸಿಲಿಂಡರುಗಳ ಮೇಲಿನ ಮುಚ್ಚಳವನ್ನು, ಅಂದರೆ 'ಹೆಡ್' ಅನ್ನು ಬದಲಿಸುತ್ತಿದ್ದರು. ಹೊಸ ಹೆಡ್‌ಗಳನ್ನು ಅಲ್ಯುಮಿನಿಯಮ್‌ನಲ್ಲಿ ಎರಕ ಹೊಯ್ಯುತ್ತಿದ್ದರು. ಅದು ಶಾಖವನ್ನು ಬೇಗ ಹೊರಕ್ಕೆ ಸಾಗಿಸುತ್ತದೆ.

ಆದರೆ ಈ ಎಂಜಿನ್ನಿಗೆ ಒಂದು ಮಿತಿಯಿತ್ತು. ಇದರಲ್ಲಿ ಕವಾಟಗಳು ಸಿಲಿಂಡರಿನ ಮೇಲಿರದೆ ಪಕ್ಕದಲ್ಲಿದ್ದವು. ಹೆಡ್ ಅನ್ನು ತೀರ ತಗ್ಗಿಸಿದರೆ ಕವಾಟದಿಂದ ಸಿಲಿಂಡರಿಗೆ ಗಾಳಿ ಸಾಗುವ ದಾರಿಯೇ ಕಿರಿದಾಗುತ್ತಿತ್ತು. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಳ್ಳಬೇಕು. ಹಾಗಾಗಿ ಹೆಚ್ಚು ಗಾಳಿ ಎಳೆಯಲು ಎರಡು ಕಾರ್ಬ್ಯುರೇಟರುಗಳ ಕೊಳವೆ, ಕವಾಟಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ದಂಡ ಇವು ಬಂದವು. ವಿಕ್ ಎಡೆಲ್‌ಬ್ರಾಕ್ ಇಂಥ ಕೊಳವೆಗಳಿಗೆ ಹೆಸರಾದರು. ಎಡ್ ಇಸ್ಕೆಂಡೇರಿಯನ್ ಕ್ಯಾಮ್ ದಂಡಗಳಿಗೆ ಹೆಸರಾದರು. ಇಬ್ಬರೂ ಒಣ ಸರೋವರದಲ್ಲಿ ಕಾರು ಓಡಿಸಿದವರೇ.

ಗಾಳಿಯ ಲೆಕ್ಕ

ಶಕ್ತಿ ಹೆಚ್ಚಿಸುತ್ತ ಹೋದರೆ ವೇಗ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆಯೆ? ಇಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಾಳಿಯ ತಡೆಯೊಂದನ್ನೇ ಲೆಕ್ಕ ಹಿಡಿದರೆ, ವೇಗ ಎರಡರಷ್ಟಾಗಲು ಶಕ್ತಿ ಎಂಟರಷ್ಟು ಬೇಕು. ಹಿತ್ತಿಲಿನಲ್ಲಿ ಅಷ್ಟು ಶಕ್ತಿಯನ್ನು ಹುಟ್ಟಿಸಲಾಗದು. ಆದ್ದರಿಂದ ತಡೆಯನ್ನೇ ಕಡಿಮೆ ಮಾಡಬೇಕು. ಮಡ್‌ಗಾರ್ಡ್ ಮತ್ತು ಗಾಜನ್ನು ತೆಗೆಯುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಬಿಲ್ ಬರ್ಕ್ ಎಂಬಾತ ಇನ್ನೂ ಮುಂದೆ ಹೋದರು. ಯುದ್ಧದ ಕಾಲದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿದ್ದಾಗ ಯುದ್ಧವಿಮಾನಗಳ ಹೆಚ್ಚುವರಿ ಇಂಧನ ತೊಟ್ಟಿಗಳನ್ನು ಅವರು ನೋಡಿದ್ದರು. ಬೇಕಾದಾಗ ಗಾಳಿಯಲ್ಲೇ ಕಳಚಿ ಬೀಳಿಸಬಹುದಾದ ಈ ತೊಟ್ಟಿಗಳಿಗೆ ನೀರಹನಿಯಂಥ ಆಕಾರ. ಗಾಳಿ ಅವುಗಳ ಮೇಲೆ ನಯವಾಗಿ ಜಾರಿ ಹೋಗುತ್ತದೆ. 1946ರಲ್ಲಿ ಬರ್ಕ್ ಪಿ-51 ವಿಮಾನದ 165 ಗ್ಯಾಲನ್ ತೊಟ್ಟಿಯೊಂದನ್ನು ಕೊಂಡು ಅದನ್ನೇ ಕಾರಿನ ಒಡಲು ಮಾಡಿದರು. ಆ ಕಾರು ಗಂಟೆಗೆ 130 ಮೈಲಿ ದಾಟಿತು. ಮುಂದೆ ಪಿ-38 ವಿಮಾನದ ಇನ್ನೂ ದೊಡ್ಡ ತೊಟ್ಟಿ ಬಳಕೆಗೆ ಬಂತು. ಅದರಲ್ಲಿ ಎಂಜಿನ್ ಚಾಲಕನ ಹಿಂದಿತ್ತು. ಯುದ್ಧ ಮುಗಿದು ಬೇಡವಾದ ವಸ್ತುವೊಂದು ಹೀಗೆ ವಾಯುಗತಿ ವಿಜ್ಞಾನದ ಪಾಠವಾಯಿತು.

ಇಷ್ಟೆಲ್ಲ ತಿಳಿದವರನ್ನು ಊರು ಪುಂಡರೆಂದು ಕರೆಯುತ್ತಿತ್ತು. ಒಣ ಸರೋವರ ಊರಿನಿಂದ ದೂರ. ಅಲ್ಲಿ ನಡೆಯುವುದನ್ನು ನೋಡಿದವರು ಕಡಿಮೆ. ಜನ ಸರೋವರಕ್ಕೆ ಬಾರದಿದ್ದರೆ ಕಾರುಗಳನ್ನೇ ಜನರ ಬಳಿಗೆ ತರಬೇಕು ಎಂದು ಒಕ್ಕೂಟ ನಿರ್ಧರಿಸಿತು.

ಆರ್ಮರಿಯಲ್ಲಿ ಮೂರು ದಿನ

1948ರ ಜನವರಿ 23, 24, 25. ಸ್ಥಳ ಲಾಸ್ ಏಂಜಲೀಸ್‌ನ ಎಕ್ಸ್‌ಪೊಸಿಷನ್ ಪಾರ್ಕಿನಲ್ಲಿದ್ದ ನ್ಯಾಷನಲ್ ಗಾರ್ಡ್ ಪಡೆಯ ಆರ್ಮರಿ, ಅಂದರೆ ಶಸ್ತ್ರಾಗಾರದ ಕಟ್ಟಡ. ಒಕ್ಕೂಟದ ಮುಂದಾಳುಗಳಲ್ಲಿ ಒಬ್ಬರು ವಾಲಿ ಪಾರ್ಕ್ಸ್. ಪ್ರಚಾರದ ಕೆಲಸದಲ್ಲಿ ತೊಡಗಿದ್ದವರು ರಾಬರ್ಟ್ ಪೀಟರ್ಸನ್ ಎಂಬ 21ರ ಯುವಕ. ಪ್ರದರ್ಶನದ ಹೆಸರಿನಲ್ಲೇ 'ವಾಹನ ಉಪಕರಣಗಳ ಪ್ರದರ್ಶನ' ಎಂಬ ಮಾತು ಹಾಟ್ ರಾಡ್‌ಗಿಂತ ಮೊದಲು ಬರುತ್ತಿತ್ತು. ಕಾರಿನಷ್ಟೇ ಅದರೊಳಗಿನ ಕೆಲಸವನ್ನೂ ತೋರಿಸುವ ಉದ್ದೇಶ ಇದರಿಂದ ತಿಳಿಯುತ್ತದೆ.

ಅವರ ಯೋಜನೆಯಲ್ಲಿ ಎಲ್ಲಕ್ಕಿಂತ ಜಾಣತನದ ಅಂಶ ಒಂದಿತ್ತು. ಸಿದ್ಧವಾದ ಕಾರುಗಳ ನಡುವೆ ಸಿದ್ಧವಾಗದ ಕಾರೊಂದನ್ನೂ ಅವರು ಇಟ್ಟರು. ಪ್ರದರ್ಶನ ನಡೆಯುತ್ತಿದ್ದಂತೆಯೇ, ಜನರ ಕಣ್ಣೆದುರಿಗೇ, ಒಕ್ಕೂಟದ ಸದಸ್ಯರು ರೋಡ್‌ಸ್ಟರ್ ಒಂದನ್ನು ಜೋಡಿಸಿದರು. ಅದನ್ನು ಪ್ರೇಕ್ಷಕರಲ್ಲಿ ಅದೃಷ್ಟಶಾಲಿಯೊಬ್ಬರಿಗೆ ಬಹುಮಾನವಾಗಿ ಕೊಡುವುದೆಂದು ಸಾರಿದ್ದರು.

ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ಸಿದ್ಧವಾದ ಕಾರು ನೋಡುಗನಿಗೆ 'ಇದು ವೇಗದ್ದು' ಎಂದಷ್ಟೇ ಹೇಳುತ್ತದೆ. ಆತ ಅದನ್ನು ನಂಬಬೇಕು, ಇಲ್ಲವೆ ಬಿಡಬೇಕು. ಕಟ್ಟುತ್ತಿರುವ ಕಾರು ಹಾಗಲ್ಲ. ಬೋಲ್ಟ್ ಬಿಗಿಯುವುದು, ಅಳತೆ ನೋಡುವುದು, ಹೊಂದದ ಭಾಗವನ್ನು ತೆಗೆದು ಸರಿಪಡಿಸುವುದು, ಇವೆಲ್ಲ ಕಾಣುತ್ತವೆ. ಮಗನ ಜೊತೆಗೆ ಬಂದ ತಂದೆಗೆ ಅಲ್ಲಿ ಕಂಡಿದ್ದು ಪುಂಡರ ಗುಂಪಲ್ಲ, ಕೈಗೆ ಗ್ರೀಸ್ ಹತ್ತಿಸಿಕೊಂಡು ಗಮನವಿಟ್ಟು ಕೆಲಸ ಮಾಡುವ ಯುವಕರು. ನಿಂತ ಕಾರಿನಲ್ಲಿ ವೇಗವನ್ನು ತೋರಿಸುವುದು ಹೇಗೆ ಎಂಬ ಪ್ರಶ್ನೆಗೆ ಅವರ ಉತ್ತರ ಇದು: ವೇಗವನ್ನು ತೋರಿಸಬೇಡಿ, ವೇಗದ ಹಿಂದಿರುವ ಶ್ರಮವನ್ನು ತೋರಿಸಿ.

ಪೀಟರ್ಸನ್ ಇನ್ನೂ ಒಂದು ಕೆಲಸ ಮಾಡಿದರು. ಅದೇ ತಿಂಗಳು 'ಹಾಟ್ ರಾಡ್' ಎಂಬ ಪತ್ರಿಕೆಯ ಮೊದಲ ಸಂಚಿಕೆಯನ್ನು ಹೊರತಂದು ಆರ್ಮರಿಯ ಮೆಟ್ಟಿಲುಗಳ ಮೇಲೆ ನಿಂತು ಮಾರಿದರು. ಬೆಲೆ 25 ಸೆಂಟ್. ಬೈಗುಳವಾಗಿದ್ದ ಹೆಸರನ್ನೇ ಅವರು ಪತ್ರಿಕೆಗೆ ಇಟ್ಟಿದ್ದರು.

ನೀವು ಯೋಜಿಸುವುದಾದರೆ

ಇಂಥ ಪ್ರದರ್ಶನವನ್ನು ಇಂದು ಯೋಜಿಸುವ ಸಂಘ ಯಾವುದನ್ನೆಲ್ಲ ಗಮನಿಸಬೇಕು? ಭೌತವಿಜ್ಞಾನದ ಮೂರು ಸಣ್ಣ ಲೆಕ್ಕಗಳು ಇಲ್ಲಿವೆ.

ಮೊದಲನೆಯದು ಜಾಗ. ಹಳೆಯ ರೋಡ್‌ಸ್ಟರ್ ಒಂದು ಸುಮಾರು 4 ಮೀಟರ್ ಉದ್ದ, 1.7 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಸುತ್ತಲೂ ಒಂದು ಮೀಟರ್ ಬಿಟ್ಟು ಹಗ್ಗ ಕಟ್ಟಿದರೆ 22 ಚದರ ಮೀಟರ್ ಬೇಕು. 20 ಕಾರುಗಳಿಗೆ 440 ಚದರ ಮೀಟರಿಗಿಂತ ಹೆಚ್ಚು. ಜನ ಓಡಾಡಲು ಸರಿಸುಮಾರು ಅಷ್ಟೇ ಜಾಗ ಬಿಡಬೇಕು. ತುರ್ತು ಬಾಗಿಲುಗಳ ಮುಂದೆ ಏನನ್ನೂ ನಿಲ್ಲಿಸಬಾರದು. ಕಾರುಗಳ ಸಂಖ್ಯೆ ಕಡಿಮೆಯಾದರೂ ಚಿಂತೆಯಿಲ್ಲ. ಬಾನೆಟ್ ತೆರೆದಿಟ್ಟು ಸುತ್ತ ಬಂದು ನೋಡುವಂತಿದ್ದರೆ ಒಂದೊಂದು ಕಾರೂ ಹೆಚ್ಚು ಮಾತನಾಡುತ್ತದೆ.

ಎರಡನೆಯದು ನೆಲ. ಒಂದು ಟನ್ನಿನ ಕಾರು ನಾಲ್ಕು ಚಕ್ರಗಳ ಮೇಲೆ ನಿಂತಾಗ ಒಂದೊಂದು ಚಕ್ರ ಸುಮಾರು 250 ಕಿಲೋಗ್ರಾಂ ಹೊರುತ್ತದೆ. ಟಯರಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಇದ್ದರೆ, ಟಯರು ಸುಮಾರು 125 ಚದರ ಸೆಂಟಿಮೀಟರ್ ನೆಲವನ್ನು ತಾಗಿರುತ್ತದೆ. ಇದು ಅಂಗೈಗಿಂತ ತುಸು ಹೆಚ್ಚಿನ ಜಾಗ. ಕೆಳಭಾಗ ಕಾಣಲೆಂದು ಕಾರನ್ನು ಕಿರಿದಾದ ಲೋಹದ ಆಧಾರಗಳ ಮೇಲೆ ಎತ್ತಿ ನಿಲ್ಲಿಸಿದರೆ ತಾಗುವ ಜಾಗ ಇನ್ನೂ ಕಡಿಮೆಯಾಗಿ ಒತ್ತಡ ಏರುತ್ತದೆ. ಮರದ ನೆಲವಾದರೆ ಕೆಳಗೆ ಅಗಲವಾದ ಹಲಗೆ ಹಾಕಲೇಬೇಕು.

ಮೂರನೆಯದು ಬೆಂಕಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರ. ಅದು ಮೇಲೇರಿ ಹೋಗದೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ಕೂಡುತ್ತದೆ. ಗಾಳಿಯಲ್ಲಿ ಶೇಕಡ ಒಂದೂವರೆಯಷ್ಟು ಆವಿಯಿದ್ದರೂ ಒಂದು ಕಿಡಿ ಸಾಕು. ಆದ್ದರಿಂದ ಅಮೆರಿಕದಲ್ಲಿ ಬಳಕೆಯಲ್ಲಿರುವ ಅಗ್ನಿ ಸುರಕ್ಷಾ ಸಂಹಿತೆಗಳು ಒಳಾಂಗಣದಲ್ಲಿಡುವ ಕಾರಿನ ಬ್ಯಾಟರಿಯ ಸಂಪರ್ಕ ತೆಗೆಯಬೇಕೆಂದು ಹೇಳುತ್ತವೆ. ಇಂಧನವೂ ತೊಟ್ಟಿಯ ಕಾಲು ಭಾಗ ಅಥವಾ 5 ಗ್ಯಾಲನ್, ಇವೆರಡರಲ್ಲಿ ಕಡಿಮೆಯಾದುದನ್ನು ಮೀರಬಾರದು. ತೊಟ್ಟಿ ಬರಿದಾದರೂ ಅಪಾಯ ತಪ್ಪದು, ಏಕೆಂದರೆ ದ್ರವ ಹೋದ ಮೇಲೂ ಆವಿ ಉಳಿದಿರುತ್ತದೆ. ಹಾಗಾಗಿ ಮುಚ್ಚಳವನ್ನು ಭದ್ರಪಡಿಸುವುದು ಮುಖ್ಯ.

ಇಷ್ಟಾದ ಮೇಲೆ ಪ್ರತಿ ಕಾರಿನ ಮುಂದೆ ಒಂದು ಫಲಕ ಬೇಕು. ಎಂಜಿನ್ನಿನ ಗಾತ್ರ, ಮಾಡಿದ ಬದಲಾವಣೆ, ಅಳೆದ ವೇಗ, ಅಳೆದ ಸ್ಥಳ ಮತ್ತು ದಿನ, ಇಷ್ಟು ಸಾಕು. 'ಅತ್ಯಂತ ವೇಗದ ಕಾರು' ಎಂಬ ಹೊಗಳಿಕೆಗಿಂತ ಅಳೆದ ಒಂದು ಸಂಖ್ಯೆಗೆ ತೂಕ ಹೆಚ್ಚು. ನಿಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೂ ಈ ಮಾತು ಅನ್ವಯಿಸುತ್ತದೆ. ಮಾದರಿಗೆ ಬಣ್ಣ ಬಳಿಯುವ ಮೊದಲು ಅದನ್ನು ಪರೀಕ್ಷಿಸಿ ಬಂದ ಫಲಿತಾಂಶವನ್ನು ಬರೆದಿಡಿ.

ಮುಂದೆ ಏನಾಯಿತು?

ಆರ್ಮರಿಯ ಪ್ರದರ್ಶನ ನಡೆದ ವರ್ಷವೇ ಸ್ಟೂ ಹಿಲ್‌ಬಾರ್ನ್ ಅವರ ಕಾರು ಒಣ ಸರೋವರದಲ್ಲಿ 150 ಮೈಲಿ ದಾಟಿತು. ಕಾರ್ಬ್ಯುರೇಟರ್ ಬದಲು ಇಂಧನವನ್ನು ಒತ್ತಡದಿಂದ ಚಿಮ್ಮಿಸುವ ತಮ್ಮದೇ ವ್ಯವಸ್ಥೆಯನ್ನು ಅವರು ಅದಕ್ಕೆ ಅಳವಡಿಸಿದ್ದರು. 1949ರಲ್ಲಿ ಯೂಟಾ ರಾಜ್ಯದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ಒಕ್ಕೂಟ ಮೊದಲ ಬಾರಿಗೆ ವೇಗ ಸಪ್ತಾಹ ನಡೆಸಿತು. ಅಲ್ಲಿ ಅಲೆಕ್ಸ್ ಸೈಡಿಯಾಸ್ ಮತ್ತು ಡೀನ್ ಬ್ಯಾಚಲರ್ ಅವರ ಕಾರು, ಪೂರ್ತಿ ಮುಚ್ಚಿದ ನಯವಾದ ಒಡಲಿನಿಂದಾಗಿ ಒಂದು ದಿಕ್ಕಿನ ಓಟದಲ್ಲಿ 193 ಮೈಲಿ ಮುಟ್ಟಿತು.

ಪ್ರದರ್ಶನದ ಪರಂಪರೆಯೂ ಬೆಳೆಯಿತು. 1950ರ ಜನವರಿಯಲ್ಲಿ ಅಲ್ ಸ್ಲೋನೇಕರ್ ಓಕ್ಲೆಂಡ್ ನಗರದಲ್ಲಿ ರೋಡ್‌ಸ್ಟರ್ ಪ್ರದರ್ಶನ ಆರಂಭಿಸಿದರು. ಅತಿ ಸುಂದರ ರೋಡ್‌ಸ್ಟರ್ ಎಂಬ ಪ್ರಶಸ್ತಿಯನ್ನು ಮೊದಲು ಪಡೆದದ್ದು ಬಿಲ್ ನೀಕ್ಯಾಂಪ್ ಕಟ್ಟಿದ 1929ರ ಮಾದರಿಯ ಫೋರ್ಡ್. ಅದು ಬರಿಯ ಅಲಂಕಾರದ ಕಾರೆಂದು ಕೆಲವರು ಭಾವಿಸಿರಬಹುದು. 1952ರಲ್ಲಿ ಎಲ್ ಮಿರಾಜ್‌ನಲ್ಲಿ ಅದು ಗಂಟೆಗೆ 142 ಮೈಲಿ ಓಡಿತು.

ಮೂರು ದಿನದ ಒಂದು ಪ್ರದರ್ಶನದಿಂದ ಬೀದಿ ಪಂದ್ಯಗಳು ನಿಂತುಹೋದವೇ? ಇಲ್ಲ, ನಿಲ್ಲಲಿಲ್ಲ. ಆದರೆ ಜನರ ಮುಂದೆ ಕಾರು ತೆರೆದಿಟ್ಟವರು ತಮ್ಮ ನಿಯಮಗಳನ್ನೂ ತೆರೆದಿಡಬೇಕಾಯಿತು. 1951ರಲ್ಲಿ ವಾಲಿ ಪಾರ್ಕ್ಸ್ 'ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್' ಸ್ಥಾಪಿಸಿದರು. 1953ರಲ್ಲಿ ಪೊಮೋನಾದ ಜಾತ್ರೆ ಮೈದಾನದ ವಾಹನ ನಿಲ್ದಾಣದಲ್ಲಿ ಅದರ ಮೊದಲ ಅಧಿಕೃತ ಪಂದ್ಯ ನಡೆಯಿತು. ಓಡಿಸುವ ಮುನ್ನ ಕಾರಿನ ತಪಾಸಣೆ, ಚಾಲಕನಿಗೆ ರಕ್ಷಣೆ, ಪ್ರೇಕ್ಷಕರಿಗೆ ದೂರ ಎಂಬ ನಿಯಮಗಳು ಊರೂರಿಗೆ ಹರಡಿದವು. ಓಡಿಸಬೇಕೆಂಬ ಯುವಕನಿಗೆ ಬೀದಿಯನ್ನು ಬಿಟ್ಟು ಹೋಗಲು ಒಂದು ಜಾಗ ದೊರೆಯಿತು.

ಪಾರ್ಕ್ಸ್ ಮತ್ತು ಪೀಟರ್ಸನ್ ಇಬ್ಬರೂ 2007ರಲ್ಲಿ ತೀರಿಕೊಂಡರು. 1937ರ ಒಕ್ಕೂಟ ಇಂದಿಗೂ ಎಲ್ ಮಿರಾಜ್ ಮತ್ತು ಬಾನೆವಿಲ್‌ಗಳಲ್ಲಿ ಸಮಯ ಅಳೆಯುತ್ತಿದೆ. ಆರ್ಮರಿಯ ಕಟ್ಟಡ ಕ್ಯಾಲಿಫೋರ್ನಿಯ ವಿಜ್ಞಾನ ಕೇಂದ್ರಕ್ಕೆ ಸೇರಿತು. 2004ರಿಂದ ಅದು ಮಕ್ಕಳ ವಿಜ್ಞಾನ ಶಾಲೆಯ ಭಾಗವಾಗಿದೆ. ಹಿತ್ತಿಲಿನ ಮೆಕ್ಯಾನಿಕ್‌ಗಳು ತಮ್ಮ ಪ್ರಯೋಗಗಳನ್ನು ಊರಿಗೆ ವಿವರಿಸಿದ ನೆಲದ ಮೇಲೆ ಈಗ ಮಕ್ಕಳು ಪ್ರಯೋಗ ಮಾಡುತ್ತಿದ್ದಾರೆ.